ಕಂಡಕ್ಟರನ ಎಡಗಿವಿ

2006ರ ಅಕ್ಟೋಬರ್‌ನಲ್ಲಿ, ದಸರೆ ಮುಗಿದ ವಾರ, ನಾನು ಹೊಸಪೇಟೆಯ ಅಂಗಡಿಯೊಂದರಲ್ಲಿ ಎಂಪಿ3 ಪ್ಲೇಯರ್ ಕೊಂಡೆ. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಹೆಬ್ಬೆರಳಿಗಿಂತ ತುಸು ಉದ್ದ, ಬೂದು ಬಣ್ಣ. ಒಂದು ತುದಿಯ ಮುಚ್ಚಳ ತೆಗೆದರೆ ಕಂಪ್ಯೂಟರಿಗೆ ಚುಚ್ಚುವ ಮೂತಿ, ಇನ್ನೊಂದು ತುದಿಯಲ್ಲಿ ಸಣ್ಣ ಪೆನ್ಸಿಲ್ ಸೆಲ್ ಹಾಕುವ ಗೂಡು, ನಡುವೆ ನೀಲಿ ಬೆಳಕಿನ ಕಿಟಕಿ. ಕನ್ನಡದಲ್ಲಿ ಬರೆದ ಹಾಡಿನ ಹೆಸರುಗಳು ಆ ಕಿಟಕಿಯಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದವು. ಚೌಕಗಳ ಸಾಲು ಎಷ್ಟು ಉದ್ದ ಎಂಬುದರ ಮೇಲೆ ಯಾವ ಹಾಡೆಂದು ಊಹಿಸಬೇಕಿತ್ತು.

ಧ್ವನಿಯನ್ನೂ ಮುದ್ರಿಸಬಹುದು, ಪತ್ರಿಕಾಗೋಷ್ಠಿಗೆ ಅನುಕೂಲ ಎಂದು ಮನೆಯಲ್ಲಿ ಹೇಳಿದ್ದೆ. ಅದು ಅರ್ಧ ನಿಜ. ಉಳಿದರ್ಧ, ನನಗೆ ಬಸ್ಸಿನಲ್ಲಿ ಹಾಡು ಕೇಳಬೇಕಿತ್ತು. ಅಲ್ಲಿಯವರೆಗೆ ಇದ್ದ ಕ್ಯಾಸೆಟ್ಟಿನ ವಾಕ್‌ಮನ್ ನಮ್ಮ ಕಡೆಯ ಕೆಂಧೂಳಿಗೆ ಸೋತು, ತಿಂಗಳಿಗೊಂದು ಕ್ಯಾಸೆಟ್ಟಿನ ಕರುಳು ಎಳೆದು ಹಾಕುತ್ತಿತ್ತು. ಹೊಸದರಲ್ಲಿ ತಿರುಗುವ ಭಾಗವೇ ಇಲ್ಲ, ಧೂಳು ಹೊಕ್ಕರೂ ಕೆಡುವುದೇನಿಲ್ಲ ಎಂದು ಅಂಗಡಿಯವನು ಹೇಳಿದ. ಆ ಮಾತಿನ ಮಟ್ಟಿಗೆ ಅವನು ಸುಳ್ಳು ಹೇಳಿರಲಿಲ್ಲ.

ಆಗ ನಾನು ಹಗರಿಬೊಮ್ಮನಹಳ್ಳಿಯಲ್ಲಿದ್ದು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕೂಡ ನನ್ನ ಪಾಲಿನವೇ. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಅಲ್ಲಿಯ ನಮ್ಮ ವರದಿಗಾರರು ಬೇರೆ ಕೆಲಸ ಹಿಡಿದು ಹೋಗಿದ್ದರಿಂದ, ಇನ್ನೊಬ್ಬರು ಸಿಗುವವರೆಗೆ ಅದನ್ನೂ ನೋಡಿಕೊಳ್ಳಿ ಎಂದು ಕಚೇರಿಯಿಂದ ಫೋನ್ ಬಂತು. ಇನ್ನೊಬ್ಬರು ಸಿಕ್ಕಿದ್ದು ಬೇಸಿಗೆಗೆ. ಹೀಗಾಗಿ ಆ ಚಳಿಗಾಲವೆಲ್ಲ ವಾರದಲ್ಲಿ ಮೂರ್ನಾಲ್ಕು ಬೆಳಗು ನಾನು ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ.

ಹಾಡು ತುಂಬಿಸುವುದು ಒಂದು ಕೆಲಸವಾಗಿತ್ತು. ನಾನು ಸುದ್ದಿ ಕಳಿಸುತ್ತಿದ್ದ ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಯಾರ್ಯಾರೋ ಹಾಕಿಟ್ಟ ಹಾಡುಗಳಿದ್ದವು. ಸುದ್ದಿ ಹೋದ ಮೇಲೆ ಅವುಗಳಲ್ಲಿ ಆರಿಸಿಕೊಳ್ಳುತ್ತಿದ್ದೆ. ಐವತ್ತರ ಆಚೀಚೆ ಹಾಡು ಹಿಡಿಯುತ್ತಿದ್ದವು. ಒಂದು ಹೊಸದು ಬೇಕೆಂದರೆ ಹಳೆಯದೊಂದನ್ನು ಅಳಿಸಬೇಕು. ಸಿನಿಮಾ ಹಾಡು, ವಚನ, ಒಂದೆರಡು ಹಿಂದೂಸ್ತಾನಿ ಇಟ್ಟುಕೊಂಡಿದ್ದೆ. ರಾತ್ರಿ ಊಟಕ್ಕೆ ಕೂತಾಗಲೂ ಕಿವಿಯಿಂದ ಇಯರ್‌ಫೋನ್ ತೆಗೆಯದ್ದನ್ನು ಕಂಡು ನನ್ನ ಹೆಂಡತಿ ಶಶಿಕಲಾ, "ನಿಮ್ಮ ಕೂಡ ಮಾತಾಡಬೇಕಂದ್ರ ಮೊದಲು ದಾರ ಜಗ್ಗಬೇಕು, ಆಮೇಲೆ ಹೆಸರು ಕರೀಬೇಕು" ಎಂದಳು. ಜಗ್ಗಿಯೂ ತೋರಿಸಿದಳು.

ಅಕ್ಟೋಬರ್ ಕೊನೆಗೆ ಮಳೆ ಬಿಟ್ಟಿತ್ತು. ದಾರಿಯ ಎರಡೂ ಬದಿ ಶೇಂಗಾ ಕಿತ್ತು ಬಳ್ಳಿಯನ್ನು ಬುಡಮೇಲು ಮಾಡಿ ಒಣ ಹಾಕಿದ್ದರು. ಕೊಟ್ಟೂರು ದಾಟಿದ ಮೇಲೆ ಮೆಕ್ಕೆಜೋಳ. ಅದನ್ನು ಡಾಂಬರಿನ ಅರ್ಧಕ್ಕೆ ಹರವಿ, ಅಂಚಿಗೆ ಕಲ್ಲು ಇಟ್ಟು, ಬಸ್ಸು ಲಾರಿಗಳಿಗೆ ಉಳಿದರ್ಧ ಬಿಟ್ಟಿರುತ್ತಿದ್ದರು. ಗಾಲಿ ಕಾಳಿನ ಮೇಲೆ ಹತ್ತಿತೆಂದರೆ ಹೆಂಗಸರು ಕಸಬಾರಿಗೆ ಹಿಡಿದು ಎದ್ದು ನಿಲ್ಲುತ್ತಿದ್ದರು. ಕಿವಿಯಲ್ಲಿ ಹಾಡು ಇದ್ದುದರಿಂದ ಅವರ ಬೈಗುಳ ನನಗೆ ಕೇಳುತ್ತಿರಲಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ಆ ಬಸ್ಸಿನ ಕಂಡಕ್ಟರ್ ಕೊಟ್ರೇಶ. ಮೂವತ್ತರೊಳಗಿನವನು, ಎತ್ತರದ ಆಳು, ದೊಡ್ಡ ದನಿ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹತ್ತಿರದ ಹಳ್ಳಿಯವನು. ಪ್ಲೇಯರ್ ಕೊಂಡ ಮೇಲೆ ಅವನು ನನ್ನ ಜೊತೆ ನಡೆದುಕೊಳ್ಳುವ ರೀತಿ ಬದಲಾಗಿದ್ದನ್ನು ಗಮನಿಸಿದೆ. ಉಳಿದವರಿಗೆ ನಿಂತಲ್ಲೇ ಟಿಕೆಟ್ ಕೇಳುವವನು ನನ್ನ ಹತ್ತಿರ ಮಾತ್ರ ಬಗ್ಗಿ, ಕಿವಿಗೆ ಬಾಯಿ ತಂದು, "ಸಾರ್! ಹರಪನಹಳ್ಳಿಗಾ ಸಾರ್!" ಎಂದು ಕೂಗುತ್ತಿದ್ದ. ಇಳಿಯುವಾಗ ಕೈ ಹಿಡಿದು ಇಳಿಸುತ್ತಿದ್ದ. ಕೆಲವು ದಿನ ಸುಮ್ಮನಿದ್ದು ಒಮ್ಮೆ ಕೇಳಿದೆ.

"ಅಷ್ಟ್ಯಾಕ ಕೂಗ್ತೀಯಪ್ಪಾ?"

"ಮತ್ತ ಕಿವಿ ಮಿಶಿನ್ ಹಾಕ್ಕಂಡೀರಲ್ಲ ಸಾರ್. ಈ ವಯಸ್ಸಿಗೆ ಎರಡೂ ಹೋದ್ವಲ್ಲ ಪಾಪ ಅಂತ ಡ್ರೈವರಣ್ಣನೂ ಮರುಗಾಕತ್ತಿದ್ದ."

ನಾನು ಇಯರ್‌ಫೋನಿನ ಒಂದು ಎಳೆ ತೆಗೆದು ಅವನ ಎಡಗಿವಿಗೆ ಇಟ್ಟೆ. ಸಿನಿಮಾ ಹಾಡೊಂದು ನಡೆದಿತ್ತು. ಕೊಟ್ರೇಶ ಕೈಯಲ್ಲಿ ಟಿಕೆಟ್ ಕಟ್ಟು ಹಿಡಿದು, ಬಾಯಿ ಸ್ವಲ್ಪ ತೆರೆದು ನಿಂತ. ಹಾಡು ಮುಗಿಯುವವರೆಗೆ ಸೀಟಿ ಊದಲಿಲ್ಲ. ಹಿಂದಿನಿಂದ ಒಬ್ಬ ಮುದುಕಿ, "ಲೇ ಕೊಟ್ರ, ನಮ್ಮೂರು ಹಿಂದಕ ಹೋತಲ್ಲೋ! ಕಿವ್ಯಾಗ ಹುಳ ಹೊಕ್ಕೈತೇನು?" ಎಂದು ಕೂಗಿದ ಮೇಲೆ ಬಸ್ಸು ನಿಂತಿತು. ಮುದುಕಿಯನ್ನು ಇಳಿಸಿ ಬಂದು ಅವನು ಕೇಳಿದ ಮೊದಲ ಪ್ರಶ್ನೆ: "ಸಾರ್, ಇದರಾಗ ನಮ್ ದನಿ ಹಿಡೀಬಹುದಾ?"

ಹಿಡಿಯಬಹುದು ಎಂದೆ. ಆಮೇಲೆ ಹರಪನಹಳ್ಳಿಯವರೆಗೆ ಅವನು ಹೇಳಿದ್ದರ ಸಾರ ಇಷ್ಟು.

ಅವರ ಊರಲ್ಲಿ ವರ್ಷ ಬಿಟ್ಟು ವರ್ಷ ದೊಡ್ಡಾಟ ಎಂಬ ಬಯಲಾಟ ಆಡುತ್ತಾರೆ. ಯಾವ ಪಾತ್ರ ಯಾರದು ಎಂಬುದನ್ನು ಹಂಚುವುದಿಲ್ಲ, ಅದು ಮೊದಲೇ ಆಗಿಹೋಗಿದೆ. ಒಂದೊಂದು ಪಾತ್ರ ಒಂದೊಂದು ಮನೆಯದು. ಬೆಳೆ ಕೈಗೆ ಬರುವ ಹೊತ್ತಿಗೆ ಹಿರಿಯರು ಆಯಾ ಮನೆಗೆ ವೀಳ್ಯ ಕೊಡುತ್ತಾರೆ. ವೀಳ್ಯ ಹಿಡಿದ ಮನೆಯವರು ಆಟಕ್ಕೆ ಮುಂಚೆ ಒಂದು ಹಗಲು ಎಲ್ಲರೆದುರು ಪಾರ್ಟು ಒಪ್ಪಿಸಬೇಕು, ಅಂದರೆ ಬಣ್ಣವಿಲ್ಲದೆ, ವಾದ್ಯವಿಲ್ಲದೆ ತಮ್ಮ ಪದಗಳನ್ನೂ ಮಾತುಗಳನ್ನೂ ಹೇಳಿ ತೋರಿಸಬೇಕು. ಒಪ್ಪಿಸಲು ಆಗದಿದ್ದರೆ ಪಾತ್ರ ಬೇರೆ ಮನೆಗೆ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಕೊಟ್ರೇಶನ ಮನೆಯದು ರಕ್ಕಸನ ಪಾತ್ರ. ಮುತ್ತಾತನಿಂದ ಬಂದದ್ದು. ಅವನ ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದ. ಮಗನಿಗೆ ಇನ್ನೂ ಕಾಲ ಐತಿ ಎಂದು ಕಲಿಸಿರಲಿಲ್ಲ.

"ವೀಳ್ಯ ಹಿಡದೀನಿ ಸಾರ್. ಆದ್ರ ತಾಲೀಮು ದಿನಾ ಸಂಜಿಕ. ಆ ಹೊತ್ತಿಗೆ ನಮ್ ಬಸ್ಸು ಹಡಗಲ್ಯಾಗ ಇರ್ತೈತಿ, ವಸ್ತಿ ಬೊಮ್ಮನಹಳ್ಳ್ಯಾಗ. ವಾರಕ್ಕೊಮ್ಮೆ ಮನಿಗೆ ಹೋದ್ರ ಎಷ್ಟು ಕಲಿಯಾಕ ಆಗ್ತೈತಿ? ರಜಾ ಕೇಳಿದ್ರ ಓನರು, ರಕ್ಕಸ ಆಗು ಇಲ್ಲಾ ಕಂಡಕ್ಟರ್ ಆಗು ಅಂತಾನ."

"ನೀನು ಒಪ್ಪಿಸದಿದ್ದರೆ ಯಾರಿಗೆ ಹೋಗುತ್ತೆ?"

"ಬಸಪ್ಪನ ಮನಿಗೆ. ಅವನ ತಮ್ಮ ಈಗ್ಲೇ ಮೀಸಿ ಬಿಟ್ಟಾನ."

ಆಟ ಕಲಿಸುವ ಮಾಸ್ತರು ಬಾಗಳಿಯವರು, ಹೆಸರು ಚನ್ನವೀರಪ್ಪ. ಸುತ್ತಲ ಹಳ್ಳಿಗಳಲ್ಲಿ ಅವರನ್ನು ಬಾಗಳಿ ಮಾಸ್ತರ ಎನ್ನುತ್ತಾರೆ. ನಾನು ಕಲ್ಲೇಶ್ವರ ಗುಡಿಯ ಬಗ್ಗೆ ಬರೆಯಲು ಹೇಗೂ ಬಾಗಳಿಗೆ ಹೋಗುವವನಿದ್ದೆ. ಮಾಸ್ತರ ಬಾಯಿಂದ ರಕ್ಕಸನ ಪಾರ್ಟು ಹಿಡಿದು ತರುತ್ತೇನೆ ಎಂದು ಒಪ್ಪಿಕೊಂಡೆ. ಜಾಗ ಬೇಕಿತ್ತು. ಆ ಸಂಜೆ ಸೈಬರ್ ಅಂಗಡಿಯಲ್ಲಿ ಕೂತು ಹಾಡುಗಳನ್ನು ಅಳಿಸಿದೆ. ಹಿಂದೂಸ್ತಾನಿ ಮೊದಲು ಹೋಯಿತು. ಕೊಟ್ರೇಶ ಮೊದಲ ದಿನ ಕೇಳಿದ್ದ ಸಿನಿಮಾ ಹಾಡನ್ನು ಮಾತ್ರ ಉಳಿಸಿದೆ, ಅದೊಂದು ಇರ್ಲಿ ಸಾರ್ ಎಂದು ಅವನು ಕೇಳಿಕೊಂಡಿದ್ದ.

ನವೆಂಬರಿನ ಒಂದು ಬೆಳಗ್ಗೆ ಬಾಗಳಿಗೆ ಹೋದೆ. ಗುಡಿಯ ಕೆಲಸ ಮುಗಿಸಿ ಮಾಸ್ತರ ಮನೆ ಕೇಳಿಕೊಂಡು ಹೋದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಅವರ ಮಗಳು ಗಂಗಮ್ಮ ಜಗುಲಿಯ ಮೇಲೆ ಶೇಂಗಾ ಒಡೆಯುತ್ತಿದ್ದರು. ಮಾಸ್ತರು ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಪ್ಲೇಯರನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು.

"ಇದರ ಮುಂದ ಹ್ಯಾಂಗ ಹಾಡ್ಲಿ? ಎದುರಿಗೆ ಒಬ್ಬ ಸಾರಥಿ ಬೇಕಲ್ಲ."

ದೊಡ್ಡಾಟದಲ್ಲಿ ಯಾವ ಪಾತ್ರ ಬಂದರೂ ರಂಗದ ಮೇಲೆ ಸಾರಥಿ ಎಂಬವನು ನಿಂತು, ನೀವು ಯಾರು, ಯಾವ ದೇಶದವರು ಎಂದು ಕೇಳುತ್ತಾನೆ. ಅವನು ಕೇಳದೆ ಪಾತ್ರ ಬಾಯಿ ಬಿಡುವಂತಿಲ್ಲ. ನನಗೆ ಬರುವುದಿಲ್ಲ ಎಂದೆ.

"ಬರೋದೇನ್ರಿ ಅದರಾಗ? ನಾನು ನಿಂದ್ರಿಸಿದಲ್ಲಿ 'ಹೌದು ಪ್ರಭು' ಅನ್ರಿ. ನೀವು ಪೇಪರಿನವರು, ದಿನಾ ಮಂತ್ರಿಗಳಿಗೆ ಅಂತೀರಲ್ಲ."

ಗಂಗಮ್ಮ ನಕ್ಕರು. ಆ ನಗುವೂ ಮುದ್ರಣದಲ್ಲಿದೆ, ಗುಂಡಿ ಅಷ್ಟರಲ್ಲಿ ಒತ್ತಿಯಾಗಿತ್ತು.

ಮಾಸ್ತರು ತೊಡೆಯ ಮೇಲೆ ತಾಳ ಹಾಕುತ್ತಾ ಹೇಳಿದರು. ಹಾರ್ಮೋನಿಯಂ ಇಲ್ಲ, ಮದ್ದಳೆ ಇಲ್ಲ. ನಡುವೆ ಏಲಕ್ಕಿ ಬಾಯಿಗೆ ಹಾಕಿಕೊಂಡರು, ಎರಡು ಸಲ ನೀರು ಕುಡಿದರು. ರಕ್ಕಸ ಮೊದಲು ರಂಗಕ್ಕೆ ಬಂದಾಗ ಹಾಡುವ ಪದದಲ್ಲಿ ಒಂದು ಸಾಲು ಹೀಗಿತ್ತು: "ಅಷ್ಟದಿಕ್ಕುಗಳ ಗೆದ್ದು ಬಂದಿಹೆನು, ದಿಟ್ಟರಾರಿಹರು ಎನ್ನಿದಿರು." ಮಾಸ್ತರು "ಗೆದ್ದು ಬಂ" ಎಂಬಲ್ಲಿ ನಿಂತು, ಆಮೇಲೆ "ದಿಹೆನು" ಎಂದರು. ನನಗೆ ಆಟದ ಗತ್ತು ತಿಳಿಯದು. ಅದು ರಾಗಕ್ಕೆ ಸೇರಿದ್ದೇ ಇರಬೇಕು ಎಂದುಕೊಂಡೆ. ಮುಗಿದ ಮೇಲೆ, ಕೇಳುತ್ತೀರಾ ಎಂದು ಕಿವಿಯ ಎಳೆ ಮುಂದೆ ಹಿಡಿದೆ. ಕೈ ಅಡ್ಡ ಮಾಡಿದರು.

"ನಂದು ನನಗ ಗೊತ್ತೈತಿ. ಅವನಿಗೆ ಕೇಳಿಸ್ರಿ."

ಅಲ್ಲಿಂದ ಮುಂದೆ ಎರಡು ತಿಂಗಳು ಪ್ಲೇಯರ್ ಹೆಸರಿಗೆ ಮಾತ್ರ ನನ್ನದು. ಬೆಳಿಗ್ಗೆ ಬಸ್ ಹತ್ತಿ ಅದನ್ನು ಕೊಟ್ರೇಶನ ಕೈಗೆ ಕೊಡುತ್ತಿದ್ದೆ. ಅವನು ಅಂಗಿಯ ಜೇಬಿಗೆ ಹಾಕಿ, ದಾರವನ್ನು ಕೊರಳಪಟ್ಟಿಯ ಹಿಂದಿನಿಂದ ತಂದು ಎಡಗಿವಿಗೆ ಒಂದು ಎಳೆ ಸಿಕ್ಕಿಸುತ್ತಿದ್ದ. ಬಲಗಿವಿ ಪ್ರಯಾಣಿಕರಿಗೆ. ಇನ್ನೊಂದು ಎಳೆ ಎದೆಯ ಮೇಲೆ ತೂಗಾಡುತ್ತಿತ್ತು. ಅದರಿಂದ ಸಣ್ಣಗೆ ಮಾಸ್ತರ ದನಿ ಬರುತ್ತಿದ್ದುದನ್ನು ಮಕ್ಕಳು ಹತ್ತಿರ ಬಂದು ಕೇಳುತ್ತಿದ್ದರು. ನಾನು ಹೋಗದ ದಿನಗಳಲ್ಲಿ ಅದು ಅವನ ಹತ್ತಿರವೇ ಇರುತ್ತಿತ್ತು. ಸೆಲ್ ಅವನೇ ಹಾಕಿಸುತ್ತಿದ್ದ.

ನನಗೆ ಗೊತ್ತಿಲ್ಲದ ಒಂದು ಗುಂಡಿ ಅದರಲ್ಲಿತ್ತು. ಎ-ಬಿ ಎಂದು ಬರೆದಿತ್ತು. ಒಮ್ಮೆ ಒತ್ತಿ, ಬೇಕಾದಷ್ಟು ಕೇಳಿ, ಮತ್ತೊಮ್ಮೆ ಒತ್ತಿದರೆ ಅಷ್ಟು ತುಂಡೇ ತಿರುತಿರುಗಿ ಬರುತ್ತಿತ್ತು, ನಿಲ್ಲಿಸುವವರೆಗೆ. ಕೊಟ್ರೇಶ ಏನೇನೋ ಒತ್ತಿ ಅದನ್ನು ಕಂಡುಹಿಡಿದ. ಕೊಟ್ಟೂರಿನಲ್ಲಿ ಒಂದು ಸಾಲು ಕಟ್ಟಿಕೊಂಡರೆ ಹರಪನಹಳ್ಳಿ ಬರುವ ತನಕ ಅದೊಂದೇ ಸಾಲು. ಮರುದಿನ ಮುಂದಿನದು.

"ನಮ್ಮಪ್ಪ ಬ್ಯಾರೆ ಏನ ಕಲಿಸಿದ್ರೂ ಹಿಂಗ ಹೇಳಿಕೊಡ್ತಿರಲಿಲ್ಲ ಸಾರ್. ಎರಡು ಸಲ ಕೇಳಿದ್ರ ಬೈತಿದ್ದ. ಇದು ಬೈಯಂಗಿಲ್ಲ. ಆದ್ರ ನಿಮ್ ಹೌದು ಪ್ರಭು ಐತಲ್ಲ, ಕರೆಂಟ್ ಬಿಲ್ ಕಟ್ಟಾಕ ಬಂದೋರು ಅಂದಂಗ ಐತಿ."

ಡಿಸೆಂಬರ್ ಹೊತ್ತಿಗೆ ಪಾರ್ಟು ಬಾಯಿಗೆ ಬಂತು. ಬಂದದ್ದು ಹೊರಗೂ ಬೀಳತೊಡಗಿತು. ಕೊಟ್ಟೂರು ನಿಲ್ದಾಣದಲ್ಲಿ ಹತ್ತಿದ ಒಬ್ಬ ಬಳೆಗಾರನಿಗೆ, "ಎಲೈ ನರನೇ, ಎಲ್ಲಿಗೆ ನಿನ್ನ ಪಯಣ?" ಎಂದು ಕಣ್ಣು ದೊಡ್ಡದು ಮಾಡಿ ಕೇಳಿದ. ಬಳೆಗಾರ ಗಂಟು ತಬ್ಬಿಕೊಂಡು, "ಹ-ಹರಪನಹಳ್ಳಿ" ಎಂದ. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಮರುದಿನದಿಂದ ಟಿಕೆಟ್ ಕೇಳಿದಾಗಲೆಲ್ಲ "ಹೌದು ಪ್ರಭು" ಎನ್ನತೊಡಗಿದರು. ಡ್ರೈವರು ಕನ್ನಡಿಯಲ್ಲಿ ನೋಡಿ, "ಲೇ, ರಕ್ಕಸ ಆದ್ರೂ ಚಿಲ್ಲರಿ ಬಿಡಬ್ಯಾಡ" ಎಂದ. ಬೆಳಗಿನ ಚಳಿಗೆ ಕಿಟಕಿ ಹಾಕಿದ ಬಸ್ಸು, ಶಾಲು ಹೊದ್ದ ಜನ, ಹುಣಸೆ ಮರಗಳ ಸಾಲು, ಹರಪನಹಳ್ಳಿಯಲ್ಲಿ ಇಳಿದ ಮೇಲೆ ಕೊಟ್ರೇಶನೂ ನಾನೂ ತಿನ್ನುತ್ತಿದ್ದ ವಗ್ಗರಣಿ ಮಂಡಕ್ಕಿ, ಬಿಸಿ ಮಿರ್ಚಿ. ಪಾರ್ಟಿನ ಮುದ್ರಣ ಮುಗಿದ ಕೂಡಲೇ ಪ್ಲೇಯರ್ ತಾನಾಗಿ ಆ ಉಳಿಸಿದ ಸಿನಿಮಾ ಹಾಡಿಗೆ ಹೋಗುತ್ತಿತ್ತು. ರಕ್ಕಸ ಸತ್ತ ಮರುಗಳಿಗೆ ಪ್ರೇಮಗೀತೆ. ಅದಕ್ಕೂ ಕೊಟ್ರೇಶನ ತುಟಿ ಆಡುತ್ತಿತ್ತು.

ನನ್ನ ಹಾಡುಗಳು ಇಲ್ಲದ್ದರಿಂದ ಕಾಳು ಹರವಿದ ಹೆಂಗಸರ ಬೈಗುಳ ಈಗ ನನಗೆ ಚೆನ್ನಾಗಿ ಕೇಳುತ್ತಿತ್ತು. ಕೆಲವು ಬರೆದಿಡುವಂತಿದ್ದವು.

ಸಂಕ್ರಾಂತಿ ಕಳೆದ ಭಾನುವಾರ ಒಪ್ಪಿಸುವ ದಿನ. ಕೊಟ್ರೇಶ ನನ್ನನ್ನು ಕರೆದಿದ್ದ. ಅವನ ತಾಯಿ ಹಾಲಮ್ಮ ಬೆಳಿಗ್ಗೆಯೇ ಗುಡಿಗೆ ಹೋಗಿ ಬಂದಿದ್ದರು. ನನಗೆ ರೊಟ್ಟಿ ಬಡಿಸುತ್ತಾ, "ನೀನು ಕೊಟ್ಟ ಮಿಶಿನ್ನಿನಾಗ ಎಲ್ಲಾ ಐತಂತಲ್ಲ ತಮ್ಮಾ, ಕೈ ಬಿಡಂಗಿಲ್ಲಲ್ಲ?" ಎಂದು ಕೇಳಿದರು. ಅವರ ಮನೆಯ ಜಂತಿಗೆ ರಕ್ಕಸನ ಭುಜಕೀರ್ತಿಗಳನ್ನು ಬಟ್ಟೆ ಸುತ್ತಿ ನೇತುಹಾಕಿದ್ದರು. ಪಾತ್ರ ಹೋದರೆ ಅವನ್ನೂ ಇಳಿಸಿ ಕೊಡಬೇಕು ಎಂದು ಅವರೇ ಹೇಳಿದರು.

ಮಧ್ಯಾಹ್ನ ಗುಡಿಯ ಮುಂದಿನ ಬಯಲಿನಲ್ಲಿ ಜನ ಕೂಡಿದರು. ಹಿರಿಯರು ಕಟ್ಟೆಯ ಮೇಲೆ, ಬಸಪ್ಪ ಅವರ ಸಾಲಿನಲ್ಲೇ. ಮೀಸೆ ಬಿಟ್ಟ ತಮ್ಮ ಅವನ ಹಿಂದೆ. ಮಾಸ್ತರು ನಡುವೆ ಕಂಬಳಿಯ ಮೇಲೆ ಕೂತು ತೊಡೆಗೆ ತಾಳ ಹಾಕುತ್ತಿದ್ದರು. ಹೆಂಗಸರು ಬೇವಿನ ಮರದ ಆಚೆ. ಮೂರು ಮನೆಯವರು ಒಪ್ಪಿಸಿದ ಮೇಲೆ ಕೊಟ್ರೇಶನ ಸರದಿ ಬಂತು.

ಸಾರಥಿ ಕೇಳಿದ, ಕೊಟ್ರೇಶ ಬಾಯಿ ತೆರೆದ. ದನಿ ಬಯಲಿನ ಕೊನೆಯವರೆಗೆ ಹೋಯಿತು. ಒಂದಿಬ್ಬರು ಮುದುಕರು, ಅಪ್ಪನಂಗ ಐತಿ ಎಂದು ತಲೆದೂಗಿದರು. ಆ ಸಾಲು ಬಂತು. "ಅಷ್ಟದಿಕ್ಕುಗಳ ಗೆದ್ದು ಬಂ" ಎಂದು ನಿಂತ. ಉಸಿರು ತೆಗೆದುಕೊಂಡು "ದಿಹೆನು" ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪಲ್ಲವಿಯಾದ್ದರಿಂದ ಸಾಲು ಮತ್ತೆ ಬಂತು, ಮತ್ತೆ ಅಲ್ಲೇ ನಿಂತ. ಮೂರನೆಯ ಸಲ ಬಸಪ್ಪ ಕಟ್ಟೆಯ ಮೇಲಿನಿಂದ, "ಕಂಡಕ್ಟರು ಸೀಟಿ ಊದಿದ ನೋಡ್ರಪೋ, ಇಳಿಯೋರು ಇಳೀರಿ" ಎಂದ. ಬಯಲು ನಕ್ಕಿತು. ಮುಂದೆಯೂ ಅಂಥ ಜಾಗಗಳು ಬಂದವು, ಪದದ ನಡುವೆ, ಶಬ್ದದ ನಡುವೆ. ಕೊಟ್ರೇಶ ಒಂದನ್ನೂ ಬಿಡದೆ ನಿಂತ. ಅವನ ಪ್ರಕಾರ ಅವನು ಸರಿಯಾಗಿ ಹೇಳುತ್ತಿದ್ದ.

ಮುಗಿದ ಮೇಲೆ ಬಸಪ್ಪ ಎದ್ದು ನಿಂತ. "ಮಾತು ಬರ್ತಾವು, ಇಲ್ಲ ಅನ್ನಂಗಿಲ್ಲ. ಆದ್ರ ಪದ ಮುರದು ಮುರದು ಒಗೀತಾನ. ಇದು ಒಪ್ಪಿಸಿದಂಗ ಆತೇನು? ನೀವ ಹೇಳ್ರಿ ಮಾಸ್ತರ."

ಎಲ್ಲರೂ ಮಾಸ್ತರ ಕಡೆ ನೋಡಿದರು. ಅವರು ಕೊಟ್ರೇಶನನ್ನು ಕೇಳಿದರು.

"ಲೇ ಕೊಟ್ರ, ಅಲ್ಲಿ ಯಾಕ ನಿಂತಿ?"

"ನೀವು ನಿಂತೀರಲ್ಲ ಮಾಸ್ತರ."

"ನಾನು? ಎಲ್ಲಿ?"

ಕೊಟ್ರೇಶ ಜೇಬಿನಿಂದ ಪ್ಲೇಯರ್ ತೆಗೆದು, ಗುಂಡಿ ಒತ್ತಿ, ಎರಡೂ ಎಳೆಗಳನ್ನು ಮಾಸ್ತರ ಕಿವಿಗೆ ಇಟ್ಟ. ಆ ಸಾಲನ್ನು ಎ-ಬಿಗೆ ಹಾಕಿದ್ದ ಎಂದು ಆಮೇಲೆ ನನಗೆ ಹೇಳಿದ. ಮಾಸ್ತರು ಕೇಳುತ್ತಾ ಕೂತರು. ಬಯಲಿನಲ್ಲಿ ಬೇರೆ ಯಾರಿಗೂ ಏನೂ ಕೇಳುತ್ತಿರಲಿಲ್ಲ, ಅವರ ಮುಖ ಮಾತ್ರ ಕಾಣುತ್ತಿತ್ತು. ಮೊದಲು ಹುಬ್ಬು ಗಂಟಾಯಿತು. ಆಮೇಲೆ ತಾಳ ಹಾಕುತ್ತಿದ್ದ ಕೈ ಮೆಲ್ಲಗೆ ಕಂಬಳಿಗೆ ಇಳಿಯಿತು. ತುಂಬ ಹೊತ್ತು ಕೇಳಿದರು. ಸಾಲು ಎಷ್ಟು ಸಲ ತಿರುಗಿತೋ ಗೊತ್ತಿಲ್ಲ.

ತಾಲೀಮಿನಲ್ಲಿ ಮಾಸ್ತರು ಹಾಡುವಾಗ ಹಾರ್ಮೋನಿಯಂ, ಮದ್ದಳೆ ಇರುತ್ತವೆ. ಅವರ ಉಸಿರು ನಿಂತಲ್ಲಿ ಅವು ತುಂಬಿಕೊಳ್ಳುತ್ತಿದ್ದವು, ಯಾರಿಗೂ ತಿಳಿದಿರಲಿಲ್ಲ. ಅವರಿಗೂ ಸರಿಯಾಗಿ ತಿಳಿದಿರಲಿಲ್ಲ ಎಂದು ನನ್ನ ಅಂದಾಜು. ಆ ಸೀಮೆಯಲ್ಲಿ ಆಟದ ಮಾಸ್ತರನಿಗೆ ದಮ್ಮು ಹೋಗಿದೆ ಎಂಬ ಸುದ್ದಿ ಹರಡಿದರೆ ಮುಂದಿನ ವೀಳ್ಯ ಬೇರೆ ಮಾಸ್ತರನಿಗೆ ಹೋಗುತ್ತದೆ. ಕಟ್ಟೆಯ ಮೇಲಿದ್ದವರಿಗೆಲ್ಲ ಅದು ಗೊತ್ತಿತ್ತು. ಹುಡುಗನದೇ ತಪ್ಪು ಎಂದು ಹೇಳಿ ಮಾಸ್ತರು ಎದ್ದುಬಿಡಬಹುದಿತ್ತು.

ಮಾಸ್ತರು ಎಳೆಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹುಡುಗ ಮುರದಿಲ್ಲ. ನಾನು ಮುರದೀನಿ, ಅವನು ಕಲ್ತಾನ. ನನ್ನ ದಮ್ಮು ಅದು, ಅವಂದಲ್ಲ."

 ಬಸಪ್ಪ, "ಯಾರದಾದ್ರೂ ಆಗ್ಲಿ ಮಾಸ್ತರ, ಆಟದಾಗ ಹಿಂಗ ನಿಂತ್ರ ಊರ ಮರ್ಯಾದಿ?" ಎಂದ. ಅದು ತಪ್ಪು ಮಾತೇನೂ ಆಗಿರಲಿಲ್ಲ.

"ನಿಲ್ಲಬ್ಯಾಡ, ಒಂದ ಉಸುರಿಗೆ ಹೇಳು" ಎಂದರು ಮಾಸ್ತರು. ಕೊಟ್ರೇಶ ಹೇಳಿದ, ನಿಂತ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳು ಎಂದರು. ಹಾಗೂ ನಿಂತ. ಎದೆಯಲ್ಲಿ ಉಸಿರು ಬೇಕಾದಷ್ಟಿತ್ತು, ಆ ಜಾಗ ಬಂದ ಕೂಡಲೇ ಬಾಯಿ ತಾನಾಗಿ ಮುಚ್ಚುತ್ತಿತ್ತು. ಎರಡು ತಿಂಗಳು ಬಸ್ಸಿನಲ್ಲಿ ನಾಲಗೆಗೆ ಕೂತದ್ದು ಒಂದು ಮಧ್ಯಾಹ್ನಕ್ಕೆ ಏಳುವಂತಿರಲಿಲ್ಲ. ಅವನ ಮುಖದ ಮೇಲೆ ಬೆವರು ಬಂತು. ಬೇವಿನ ಮರದ ಆಚೆಯಿಂದ ಹಾಲಮ್ಮ, "ಕೊಟ್ರ, ನೀರು ಕುಡಿಯೋ" ಎಂದು ಕೂಗಿದರು.

ಮಾಸ್ತರು ಮದ್ದಳೆಯವನನ್ನು ಕರೆದರು. ಒಪ್ಪಿಸುವ ದಿನ ವಾದ್ಯ ಮುಟ್ಟುವಂತಿಲ್ಲ ಎಂದು ಒಬ್ಬ ಹಿರಿಯರು ನೆನಪಿಸಿದರು. "ಒಪ್ಪಿಸಿದ್ದು ಮುಗದೈತ್ರಿ. ಇದು ಕಲಿಸೋದು" ಎಂದರು ಮಾಸ್ತರು. ಮದ್ದಳೆಯವನಿಗೆ, ಹುಡುಗ ನಿಂತ ಕಡೆ ಒಂದು ಗಟ್ಟಿ ಪೆಟ್ಟು ಹಾಕು ಎಂದರು. ಕೊಟ್ರೇಶನಿಗೆ, "ನೀನು ನಿಲ್ಲು. ಬ್ಯಾಡ ಅನ್ನಂಗಿಲ್ಲ. ಆದ್ರ ಸುಮ್ಕ ನಿಲ್ಲಬ್ಯಾಡ. ಪೆಟ್ಟು ಬಿದ್ದಾಗ ಬಲಗಾಲು ನೆಲಕ್ಕ ಒದಿ, ಎದುರಿಗಿದ್ದವನ ನೋಡು, ಆಮ್ಯಾಲೆ ದಿಹೆನು ಅನ್ನು."

"ಅಷ್ಟದಿಕ್ಕುಗಳ ಗೆದ್ದು ಬಂ" ಎಂದ ಕೊಟ್ರೇಶ. ಮದ್ದಳೆ ಗುಡುಗಿತು. ಕಾಲು ನೆಲಕ್ಕೆ ಬಿತ್ತು, ಧೂಳು ಎದ್ದಿತು. ಎದುರಿಗೆ ಕಟ್ಟೆಯ ಮೇಲೆ ಇದ್ದವನು ಬಸಪ್ಪ. ಕೊಟ್ರೇಶ ಅವನನ್ನೇ ನೋಡಿ "ದಿಹೆನು" ಎಂದ.

ಮಕ್ಕಳು ಸಿಳ್ಳೆ ಹಾಕಿದರು. ಹಿರಿಯರಲ್ಲಿ ಒಬ್ಬರು, ಇನ್ನೊಮ್ಮೆ ಎಂದರು. ಉಳಿದ ಜಾಗಗಳಿಗೂ ಹಾಗೆಯೇ ಮಾಡಿದರು: ಒಂದು ಕಡೆ ಗದೆ ಹೆಗಲಿಗೆ ಏರಿಸುವುದು, ಒಂದು ಕಡೆ ಮೀಸೆಗೆ ಕೈ, ಒಂದು ಕಡೆ ಬರೀ ತಿರುಗಿ ನೋಡುವುದು. ಬಿಸಿಲು ಇಳಿಯುವವರೆಗೆ ನಡೆಯಿತು. ಕೊನೆಗೆ ಹಿರಿಯರು ಬಸಪ್ಪನ ಕಡೆ ನೋಡಿದರು. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಮೀಸಿ ಬೋಳಿಸ್ಕೊಳ್ಳೋ ನೀನು" ಎಂದು ತಮ್ಮನಿಗೆ ಹೇಳಿ ಇಳಿದುಹೋದ. ಪಾರ್ಟು ಹಾಲಮ್ಮನ ಮನೆಯಲ್ಲಿ ಉಳಿಯಿತು.

ಮರುದಿನ ಬಸ್ಸಿನಲ್ಲಿ ಕೊಟ್ರೇಶ ಪ್ಲೇಯರನ್ನು ನನ್ನ ಕೈಗೆ ಕೊಟ್ಟ. ಹೊಸ ಸೆಲ್ ಹಾಕಿದ್ದ. ಎರಡು ಎಳೆಗಳಲ್ಲಿ ಎಡಗಡೆಯದರ ಸ್ಪಂಜು ಸವೆದು ಹೋಗಿತ್ತು. ಹಾಡುಗಳನ್ನು ಮತ್ತೆ ತುಂಬಿಸಿದೆ. ಮಾಸ್ತರ ಮುದ್ರಣವನ್ನು ಅಳಿಸಲಿಲ್ಲ, ಸೈಬರ್ ಅಂಗಡಿಯಲ್ಲಿ ಒಂದು ಸಿ.ಡಿ.ಗೂ ಹಾಕಿಸಿದೆ.

ಆಟ ಶಿವರಾತ್ರಿ ಕಳೆದ ಮೇಲೆ ಆಯಿತು. ನಾನು ಹೋಗಿದ್ದೆ. ರಕ್ಕಸ ರಂಗಕ್ಕೆ ಬಂದದ್ದು ಬೆಳಗಿನ ಜಾವಕ್ಕೆ. ಭುಜಕೀರ್ತಿ ಕಟ್ಟಿದ ಕೊಟ್ರೇಶ ಹಲಗೆಗೆ ಕಾಲು ಒದ್ದಾಗ ನಿದ್ದೆ ಹತ್ತಿದ್ದ ಹೆಂಗಸರು ಎದ್ದು ಕೂತರು. ಸೂರ್ಯ ಹುಟ್ಟುವ ಹೊತ್ತಿಗೆ ರಕ್ಕಸ ಸತ್ತ. ಅವನ ಬಸ್ಸಿನ ಡ್ರೈವರು ಮುಂದಿನ ಸಾಲಿನಲ್ಲಿದ್ದ, ಓನರನ್ನೂ ಕರೆತಂದಿದ್ದ. ಮಾಸ್ತರು ರಾತ್ರಿಯಿಡೀ ಹಿಮ್ಮೇಳದಲ್ಲಿ ಕೂತು ಹಾಡಿದರು. ಅವರ ಉಸಿರು ನಿಂತಲ್ಲಿ ಮದ್ದಳೆಯವನು ಪೆಟ್ಟು ಹಾಕುತ್ತಿದ್ದ. ಅದನ್ನು ಕೇಳಿಸಿಕೊಳ್ಳಲು ನಾನು ಕಲಿತಿದ್ದೆ.

ಸುದ್ದಿ ನಾಲ್ಕು ಸಾಲು ಬಂತು, ಫೋಟೊ ಬರಲಿಲ್ಲ.

ಪ್ಲೇಯರ್ 2009ರಲ್ಲಿ ಕೆಟ್ಟಿತು. ಎಳೆ ಸಿಕ್ಕಿಸುವ ತೂತು ಸಡಿಲವಾಗಿ ಒಂದೇ ಕಡೆ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಅಷ್ಟರಲ್ಲಿ ಮೊಬೈಲಿನಲ್ಲಿ ಹಾಡು ಬಂದಿದ್ದವು. ಚನ್ನವೀರಪ್ಪ ಮಾಸ್ತರು ಆ ಊರಿಗೆ ಇನ್ನೂ ಎರಡು ಆಟ ಕಲಿಸಿ ತೀರಿಕೊಂಡರು. ಅವರ ನಂತರ ಕಲಿಸುವವರು ಸಿ.ಡಿ.ಯಿಂದ ತೆಗೆದ ಮುದ್ರಣವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ನನ್ನ "ಹೌದು ಪ್ರಭು" ಅದರಲ್ಲಿ ಹಾಗೆಯೇ ಇದೆ. ನಾನು ಆಗ ಸುದ್ದಿ ಕಳಿಸುತ್ತಿದ್ದ ಐದೂ ಊರುಗಳು ಈಗ ವಿಜಯನಗರ ಜಿಲ್ಲೆಯಲ್ಲಿವೆ. ಕೊಟ್ರೇಶ ಕಂಡಕ್ಟರ್ ಕೆಲಸ ಬಿಟ್ಟು ಹರಪನಹಳ್ಳಿಯಲ್ಲಿ ಸ್ವಂತ ಟೆಂಪೊ ಓಡಿಸುತ್ತಾನೆ. ಮೊಣಕಾಲು ನೋವು, ಇನ್ನು ಹಲಗೆಗೆ ಕಾಲು ಒದೆಯಲು ಆಗದು ಎಂದು ಹಿಂದಿನ ಆಟದ ಕೊನೆಗೆ ಅವನು ಹೇಳಿದ್ದ.

ಈ ಸಲದ ಆಟಕ್ಕೆ ಹಿರಿಯರು ಕಳೆದ ತಿಂಗಳು ವೀಳ್ಯ ಕೊಟ್ಟರು. ರಕ್ಕಸನ ಪಾರ್ಟಿನದು ಹಾಲಮ್ಮನ ಮನೆಗೇ ಹೋಯಿತು. ವೀಳ್ಯ ಹಿಡಿದವಳು ಕೊಟ್ರೇಶನ ಮಗಳು, ಹರಪನಹಳ್ಳಿಯಲ್ಲಿ ಬಿ.ಎ. ಓದುತ್ತಿದ್ದಾಳೆ.